ಕಡತಕ್ಕೆ ಹೆಸರಿಡುವವರು ಯಾರು?



ಹುಲಿ-ಸಿಂಹಗಳಿಂದ ಹೆಸರಾದ ತ್ಯಾವರೆಕೊಪ್ಪದಲ್ಲಿ ಮಂಡಿ ವರ್ತಕರು, ಲೆಕ್ಕಪರಿಶೋಧಕರು, ವಕೀಲರು, ಸಹಕಾರ ಸಂಘಗಳ ಕಾರ್ಯದರ್ಶಿಗಳು ನಾವಿಂದು ಕಡತಗಳ ಬಗ್ಗೆ ಮಾತಾಡಲು ಸೇರಿದ್ದೇವೆ. ಇದೇ ಸಾಗರ ರಸ್ತೆಯಲ್ಲಿ ಶಿವಮೊಗ್ಗದ ಕಡೆ ಹೋದರೆ ಎಪಿಎಂಸಿ ಯಾರ್ಡ್. ಅಲ್ಲಿ ಹಳೆಯದೊಂದು ಅಡಿಕೆ ಮಂಡಿಯ ಅಟ್ಟ ಹತ್ತಿ ನೋಡಿ: ಕಿರ್ದಿ, ಖಾತಾವಹಿ, ಬಿಲ್ ಪುಸ್ತಕಗಳ ಕಟ್ಟುಗಳು. ಮಳೆಗಾಲದ ಶೀತಕ್ಕೆ ಕೆಲವು ಬೂಷ್ಟು ಹಿಡಿದಿವೆ, ಕೆಲವಕ್ಕೆ ಗೆದ್ದಲು ಬಾಯಿ ಹಾಕಿದೆ. ಜಿಎಸ್‌ಟಿ ಕಾಯ್ದೆಯ 36ನೇ ಕಲಂ ಪ್ರಕಾರ, ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಕಾಪಾಡಬೇಕು. ಹಾಗೆ ಉಳಿಸಲು ಸ್ಕ್ಯಾನ್ ಮಾಡಿಡಬೇಕು, ಆದರೆ ಇಬ್ಬರೇ ಗುಮಾಸ್ತರಿರುವ ಮಂಡಿ ಸ್ವಂತ ಸ್ಕ್ಯಾನರ್ ಕೊಂಡು ಈ ಕೆಲಸಕ್ಕೆ ಕೂರುವುದು ಆಗದ ಮಾತು. ಹೊರಗುತ್ತಿಗೆಗೆ ಕೊಡುವುದೇ ಸರಿ. ಆದರೆ ಏನನ್ನು ಹೊರಗೆ ಕೊಡಬೇಕು, ಏನನ್ನು ಕೊಡಬಾರದು? ಇಂದಿನ ಚರ್ಚೆ ಈ ಪ್ರಶ್ನೆಯ ಸುತ್ತ ನಡೆಯಲಿ ಎಂಬುದು ನನ್ನ ಆಶಯ.

ಇದಕ್ಕೆ ಸರ್ಕಾರದ ಭೂಮಿ ಯೋಜನೆಯೇ ಉದಾಹರಣೆ: ಅದರಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸುವಾಗ ಬೆರಳಚ್ಚಿನ ಕೆಲಸ ಖಾಸಗಿಯವರಿಗೆ ಹೋಯಿತು. ತಾಳೆ ನೋಡುವ ಕೆಲಸ ಗ್ರಾಮಲೆಕ್ಕಿಗರಲ್ಲೇ ಉಳಿಯಿತು, ಏಕೆಂದರೆ ಯಾವ ಹಿಸ್ಸಾ ಯಾರದೆಂದು ಬಲ್ಲವರು ಅವರು. ಹಾಗಿದ್ದೂ ಒಂದಕ್ಷರದ, ಒಂದು ಗುಂಟೆಯ ತಪ್ಪಿಗಾಗಿ ತಿದ್ದುಪಡಿ ಅರ್ಜಿ ಹಿಡಿದು ಅಲೆದ ರೈತರು ನಮ್ಮ ಊರೂರಲ್ಲಿದ್ದಾರೆ. ಈಗ ಭೂ ಸುರಕ್ಷಾ ಯೋಜನೆಯಡಿ ತಾಲ್ಲೂಕು ಕಚೇರಿಗಳ ಹಳೆಯ ಕಡತಗಳು ಸ್ಕ್ಯಾನ್ ಆಗುತ್ತಿವೆ. ಅಲ್ಲಿಯೂ ಎಚ್ಚರ ಬೇಕಾದದ್ದು ಈ ತಾಳೆ ನೋಡುವ ಜಾಗದಲ್ಲೇ.

ಮಂಡಿಯ ಒಂದು ಬಿಲ್ ಕೈಗೆತ್ತಿಕೊಳ್ಳೋಣ. ತೆಳ್ಳಗಿನ ಕಾರ್ಬನ್ ಪ್ರತಿ, ಮೂಲೆಯಲ್ಲಿ ತುಕ್ಕು ಹಿಡಿದ ಗುಂಡುಪಿನ್ನು. ‘ಮಂಜಪ್ಪ, ಹೊಸಳ್ಳಿ, ರಾಶಿ ಇಡಿ’ ಎಂದು ಹೆಸರು, ಊರು, ಅಡಿಕೆಯ ಬಗೆ, ಮುಂದೆ ತೂಕ, ದರ. ಪಿನ್ನು ತೆಗೆಯದೆ ಯಂತ್ರಕ್ಕೆ ಕೊಟ್ಟರೆ ಹಾಳೆ ಹರಿಯುತ್ತದೆ, ಗಾಜಿಗೂ ಗೀರು ಬೀಳುತ್ತದೆ. ಬರೀ ಕಪ್ಪು-ಬಿಳುಪಿನಲ್ಲಿ ತೆಗೆದರೆ ಮಾಸಿದ ಅಕ್ಷರ ಮಾಯ. 300 ಡಿಪಿಐನಲ್ಲಿ, ಬಣ್ಣದಲ್ಲೇ ತೆಗೆಯಬೇಕು. ತರಬೇತಿ ಪಡೆದವರು ಇಷ್ಟನ್ನೂ ಚೆನ್ನಾಗಿಯೇ ಮಾಡುತ್ತಾರೆ. ಆದರೆ ಹೊಸಳ್ಳಿಗಳು ಎಷ್ಟೋ ಇವೆ, ಮಂಜಪ್ಪಂದಿರು ಇನ್ನೂ ಹೆಚ್ಚು. ಇವರು ಯಾವ ಹೊಸಳ್ಳಿಯವರು, ಯಾರ ಮಗ ಎಂದು ಹೇಳಬಲ್ಲವರು ಮಂಡಿಯ ಹಳೆಯ ಗುಮಾಸ್ತರು. ಕನ್ನಡದ ಅವಸರದ ಕೈಬರಹವನ್ನು ಯಂತ್ರ ಇನ್ನೂ ನೆಚ್ಚುವಂತೆ ಓದುವುದಿಲ್ಲ. ಬರೀ ಕ್ರಮಸಂಖ್ಯೆ ಹಾಕಿ ಸಾವಿರಾರು ಪುಟ ತುಂಬಿಕೊಟ್ಟರೆ ಅಟ್ಟದ ರಾಶಿ ಪೆನ್‌ಡ್ರೈವಿಗೆ ಇಳಿಯಿತು, ಅಷ್ಟೆ. ಹಾಗಾಗಿ ಪುಟಕ್ಕಿಷ್ಟು ಎಂದು ದರ ಮಾತಾಡಿ ಎದ್ದುಬರಬೇಡಿ. ಹೆಸರು-ಊರುಗಳ ಸೂಚಿ ತಯಾರಿಗೆ, ಗುಮಾಸ್ತರು ಕೂತು ತಾಳೆ ನೋಡುವುದಕ್ಕೆ ಬೇರೆಯೇ ಹಣ, ಬೇರೆಯೇ ಸಮಯ ಎತ್ತಿಡಿ.

ಕಾನೂನಿನ ಹೊಣೆಯೂ ಕಾಗದದ ಜೊತೆ ಹೊರಗೆ ಹೋಗುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕರ ಮಾಹಿತಿಗೆ ಜವಾಬ್ದಾರರು ಅದನ್ನು ಪಡೆದ ನೀವು, ಸ್ಕ್ಯಾನ್ ಮಾಡಿದವರಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ, ಡಿಜಿಟಲ್ ದಾಖಲೆಯನ್ನು ನ್ಯಾಯಾಲಯದ ಮುಂದಿಡಲು ಪ್ರಮಾಣಪತ್ರ ಬೇಕು, ಅದರಲ್ಲಿ ದಾಖಲೆ ಬದಲಾಗಿಲ್ಲವೆಂದು ತೋರಿಸುವ ಹ್ಯಾಶ್ ಮೌಲ್ಯ ನಮೂದಾಗಬೇಕು. ಸ್ಕ್ಯಾನ್ ಮಾಡಿಸಿದ ದಿನವೇ ಆ ಮೌಲ್ಯವನ್ನು ಬರೆಸಿಟ್ಟುಕೊಳ್ಳುವುದು ಒಳ್ಳೆಯದು. ಉಯಿಲು, ಕ್ರಯಪತ್ರಗಳ ಮೂಲ ಪ್ರತಿಯನ್ನಂತೂ ಸ್ಕ್ಯಾನ್ ಆಯಿತೆಂದು ರದ್ದಿಗೆ ಹಾಕಲೇಬೇಡಿ.

ಇನ್ನೊಂದು ಮಾತು. 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಕಾಗದ ಕಾರ್ಖಾನೆಯ ಯಂತ್ರಗಳು ನಿಂತ ಮೇಲೆ ಅಲ್ಲಿನ ಎಷ್ಟೋ ಮನೆಗಳ ಮಕ್ಕಳು ಕೆಲಸ ಹುಡುಕಿಕೊಂಡು ಊರು ಬಿಟ್ಟರು. ನಮ್ಮ ಕಟ್ಟುಗಳನ್ನು ಲಾರಿಗೆ ಹೇರಿ ಬೆಂಗಳೂರಿಗೆ ಕಳಿಸುವ ಬದಲು ಇಲ್ಲಿನ ಹುಡುಗ ಹುಡುಗಿಯರಿಗೇ ಈ ಕೆಲಸ ಕಲಿಸೋಣ. ಆಗ ಮೂಲ ಕಾಗದ ಊರು ದಾಟುವುದಿಲ್ಲ, ಅನುಮಾನ ಬಂದ ಹೆಸರನ್ನು ಗುಮಾಸ್ತರ ಬಳಿ ಬಂದು ಕೇಳುವುದೂ ಸುಲಭ. ಮಧ್ಯಾಹ್ನದ ಗೋಷ್ಠಿಯಲ್ಲಿ ವಕೀಲರೂ ವರ್ತಕರೂ ಒಟ್ಟಿಗೆ ಕೂತು ಕನ್ನಡದಲ್ಲಿ ಒಂದು ಮಾದರಿ ಕರಾರು ಬರೆಯಿರಿ: ಎಷ್ಟು ಕಟ್ಟು ಹೋಯಿತು, ಎಷ್ಟು ಬಂತು, ಯಾರು ಎಣಿಸಿದರು, ಸೂಚಿಗೆ ಸಹಿ ಹಾಕುವವರು ಯಾರು, ಕೆಲಸ ಮುಗಿದ ಮೇಲೆ ಸ್ಕ್ಯಾನ್ ಮಾಡಿದವರ ಕಂಪ್ಯೂಟರಿನಲ್ಲಿರುವ ಪ್ರತಿಯನ್ನು ಯಾವ ದಿನ ಅಳಿಸಬೇಕು. ಸಂಜೆ ಇಲ್ಲಿಂದ ಹೊರಡುವ ಮೊದಲು ಆ ಕರಡು ಎಲ್ಲರ ಕೈ ಸೇರಲಿ.