ಒಲವು ಅಳೆದರೆ ಸಾಲದು: ಅರಬ್ಬಿ ತಾಯಂದಿರು ಮತ್ತು ಎದೆಹಾಲಿನ ಪ್ರಶ್ನಾವಳಿ



ಅಮೆರಿಕದ ಅಯೋವಾದಲ್ಲಿ ಹುಟ್ಟಿದ ಪ್ರಶ್ನಾವಳಿಯೊಂದು ಬೈರೂತಿನ ತಾಯಂದಿರ ಕೈಗೆ ಬಂದಾಗ ಅದು ಏನನ್ನು ಅಳೆಯುತ್ತದೆ? ಇವತ್ತಿನ ನನ್ನ ಮಾತೆಲ್ಲ ಈ ಪ್ರಶ್ನೆಯ ಸುತ್ತ.

ಸಂಶೋಧಕರಾದ ಡೆ ಲಾ ಮೋರಾ, ರಸೆಲ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಈ ಪ್ರಶ್ನಾವಳಿ, ಮಗುವಿಗೆ ಯಾವ ಹಾಲು ಎಂಬುದರಲ್ಲಿ ತಾಯಿಯ ಒಲವನ್ನು ಅಳೆಯುವ ಮಾಪಕ; ಅದರಲ್ಲಿ 17 ಹೇಳಿಕೆಗಳಿವೆ. ಎದೆಹಾಲು ಸುಲಭವಾಗಿ ಜೀರ್ಣವಾಗುತ್ತದೆ, ಕೆಲಸಕ್ಕೆ ಹೋಗುವ ತಾಯಿಗೆ ಡಬ್ಬಿ ಹಾಲೇ ಅನುಕೂಲ, ಹೀಗೆ. ಒಂದೊಂದಕ್ಕೂ ತಾಯಿ ಎಷ್ಟರಮಟ್ಟಿಗೆ ಒಪ್ಪುತ್ತಾಳೆಂದು 1ರಿಂದ 5ರವರೆಗೆ ಅಂಕ. ಡಬ್ಬಿ ಹಾಲಿನ ಪರವಾದ ಹೇಳಿಕೆಗಳ ಅಂಕವನ್ನು ತಿರುವಿ ಹಾಕಿ ಕೂಡಿಸುತ್ತಾರೆ. ಮೊತ್ತ 17ರಿಂದ 85ರೊಳಗೆ ಇರುತ್ತದೆ; ಹೆಚ್ಚಿದಷ್ಟೂ ಎದೆಹಾಲಿನ ಕಡೆ ಒಲವು ಹೆಚ್ಚು. ಎಲ್ಲಕ್ಕೂ ‘ಗೊತ್ತಿಲ್ಲ, ಎರಡೂ ಸರಿ’ ಎಂದು ನಡುವಿನ ಅಂಕ ಕೊಟ್ಟವಳಿಗೆ 51 ಬರುತ್ತದೆ. ಸಾಮಾನ್ಯವಾಗಿ ಬಳಸುವ ವಿಂಗಡಣೆಯಲ್ಲಿ 49ರಿಂದ 69ರವರೆಗೂ ತಟಸ್ಥ. ಅಷ್ಟು ಅಗಲದ ನಡುಮನೆಯಲ್ಲಿ ಯಾರು ಬೇಕಾದರೂ ಕೂರಬಹುದು. 2016ರಲ್ಲಿ ಇದರ ಅರಬ್ಬಿ ರೂಪವನ್ನು ಲೆಬನಾನಿನ ಮಹಿಳೆಯರಲ್ಲಿ ಪರೀಕ್ಷಿಸಿದ ವರದಿ ಪ್ರಕಟವಾಯಿತು.

ಇಂಥ ಅನುವಾದಕ್ಕೊಂದು ಕ್ರಮವಿದೆ. ಒಬ್ಬರು ಅನುವಾದಿಸುತ್ತಾರೆ, ಮೂಲ ನೋಡದ ಇನ್ನೊಬ್ಬರು ಅದನ್ನು ಮರಳಿ ಇಂಗ್ಲಿಷಿಗೆ ತರುತ್ತಾರೆ, ತಜ್ಞರು ಎರಡನ್ನೂ ಎದುರುಬದುರು ಇಟ್ಟು ನೋಡುತ್ತಾರೆ. ಆಮೇಲೆ ಹೇಳಿಕೆಗಳು ಪರಸ್ಪರ ಹೊಂದುತ್ತವೆಯೇ ಎಂದು ಕ್ರೋನ್‌ಬ್ಯಾಕ್ ಆಲ್ಫಾ ಲೆಕ್ಕ; 0.7 ದಾಟಿದರೆ ಸಾಮಾನ್ಯವಾಗಿ ಸಮಾಧಾನ. ಆದರೆ ಸಂಕೋಚಕ್ಕೆ ಕೊಟ್ಟ ಉತ್ತರಗಳೂ ಒಂದಕ್ಕೊಂದು ಚೆನ್ನಾಗಿಯೇ ಹೊಂದಬಲ್ಲವು. ಹೊಂದಾಣಿಕೆ ಇದೆಯೆಂದ ಮಾತ್ರಕ್ಕೆ ಅದು ನಿಜವೆಂದಾಗುವುದಿಲ್ಲ. ಪ್ರಬಂಧ ಬರೆಯುವವರು ಇದನ್ನು ಪೀಠಿಕೆಯಲ್ಲಿ ಒಪ್ಪಿಕೊಂಡು ಉಪಸಂಹಾರದಲ್ಲಿ ಮರೆಯುತ್ತಾರೆ.

ಹೇಳಿಕೆಗಳನ್ನೇ ನೋಡಿ. ಆಗೊಮ್ಮೆ ಈಗೊಮ್ಮೆ ಮದ್ಯ ಕುಡಿಯುವ ತಾಯಿ ಮೊಲೆಯೂಡಿಸಬಾರದು ಎಂಬುದೊಂದಿದೆ. ರಿಯಾದಿನ ತಾಯಿ ‘ಹೌದು, ಊಡಿಸಬಾರದು’ ಎಂದರೆ ಅದು ಹಾಲಿನ ಮೇಲಿನ ತೀರ್ಪೋ, ಕುಡಿತದ ಮೇಲಿನ ತೀರ್ಪೋ? ಹೋಟೆಲಿನಂಥ ಕಡೆ ನಾಲ್ಕು ಜನರೆದುರು ಹಾಲೂಡಿಸಬಾರದು ಎಂಬುದು ಇನ್ನೊಂದು. ಅದನ್ನು ಒಪ್ಪಿದವಳ ಅಂಕ ಇಳಿಯುತ್ತದೆ. ಆಕೆ ಮನೆಯಲ್ಲಿ ಎರಡು ವರ್ಷ ಕುಡಿಸಿರಬಹುದು. ಹೊರಗೆ ಮರೆ ಬಯಸುವುದು ಅವಳಿಗೆ ಮರ್ಯಾದೆಯ ಮಾತು. ಪ್ರಶ್ನಾವಳಿ ಅದನ್ನು ಒಲವಿನ ಕೊರತೆ ಎಂದು ಬರೆದುಕೊಳ್ಳುತ್ತದೆ.

ಒಲವಿಗೆ ಅಲ್ಲಿ ಕೊರತೆಯೇ ಇಲ್ಲ ಎನ್ನಬೇಕು. ಕುರಾನಿನ ಎರಡನೆಯ ಅಧ್ಯಾಯದ 233ನೆಯ ಆಯತ್, ಪೂರ್ತಿಗೊಳಿಸಬಯಸುವವರಿಗೆ ಎರಡು ತುಂಬು ವರ್ಷಗಳ ಸ್ತನ್ಯಪಾನವನ್ನು ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೂ ಆರು ತಿಂಗಳು ಬರೀ ಎದೆಹಾಲು, ನಂತರ ಬೇರೆ ಆಹಾರದ ಜೊತೆ ಎರಡು ವರ್ಷ ಅಥವಾ ಅದಕ್ಕೂ ಮೀರಿ ಎನ್ನುತ್ತದೆ. ಇಸ್ಲಾಮಿನಲ್ಲಿ ಒಬ್ಬಳ ಎದೆಹಾಲು ಕುಡಿದ ಬೇರೆ ಮನೆಯ ಮಕ್ಕಳು ಒಡಹುಟ್ಟಿದವರಂತೆ. ಅವರ ನಡುವೆ ಮದುವೆ ನಿಷಿದ್ಧ. ಹಾಲಿನಿಂದ ನೆಂಟಸ್ತಿಕೆ ಹುಟ್ಟುವ ಸಮಾಜದಲ್ಲಿ ‘ಎದೆಹಾಲು ಒಳ್ಳೆಯದೇ?’ ಎಂದು ಕೇಳಿದರೆ ಇಲ್ಲ ಎನ್ನುವ ಬಾಯಿ ಎಲ್ಲಿಂದ ಬರಬೇಕು? ಅದರಲ್ಲೂ ಇಂಥ ಪ್ರಶ್ನೆ ಸಾಮಾನ್ಯವಾಗಿ ಇರುವುದು ಪತ್ರಿಕೆಯ, ಪ್ರವಚನದ ಗ್ರಾಂಥಿಕ ಅರಬ್ಬಿಯಲ್ಲಿ. ಕೈರೋದ ಮನೆಮಾತು ಒಂದು, ಕಾಸಾಬ್ಲಾಂಕಾದ್ದು ಇನ್ನೊಂದು. ಗ್ರಾಂಥಿಕವಾಗಿ ಕೇಳಿದ್ದಕ್ಕೆ ಪರೀಕ್ಷೆಗೆ ಕೂತವರ ಹಾಗೆ ಉತ್ತರ ಬರುತ್ತದೆ.

ಹಾಗಾದರೆ ಕುಡಿಸುವುದು ತಪ್ಪುವುದೆಲ್ಲಿ? ಈ ಮಾಪಕ ಎದೆಹಾಲನ್ನು ಡಬ್ಬಿ ಹಾಲಿನ ಎದುರಿಗೆ ನಿಲ್ಲಿಸುತ್ತದೆ. ಅನೇಕ ಅರಬ್ ಮನೆಗಳಲ್ಲಿ ಮೂರನೆಯದೊಂದು ಇದೆ. ಹುಟ್ಟಿದ ಕೂಸಿನ ಅಂಗುಳಕ್ಕೆ ಮೆದುಮಾಡಿದ ಖರ್ಜೂರ ಸವರುವ ತಹ್ನೀಕ್, ಹೊಟ್ಟೆನೋವಿಗೆ ಯಾನ್ಸೂನ್ ಎಂಬ ಸೋಂಪಿನಂಥ ಕಾಳಿನ ಕಷಾಯ, ಸಕ್ಕರೆ ನೀರು. ಅಜ್ಜಿ ಕೊಡುವ ಇವನ್ನು ಯಾರೂ ಆಹಾರವೆಂದು ಎಣಿಸುವುದಿಲ್ಲ; ಆದರೆ ‘ಬರೀ ಎದೆಹಾಲು’ ಎಂಬುದು ಅಲ್ಲಿಗೇ ತಪ್ಪುತ್ತದೆ. ನಮ್ಮಲ್ಲಿ ಜೇನು ನೆಕ್ಕಿಸಿ, ಬಜೆ ತೇಯ್ದು ಹಾಕುವ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಕಾರಣ ‘ಹಾಲು ಸಾಲುತ್ತಿಲ್ಲ’ ಎಂಬ ಭಯ. ಮೊದಲ ದಿನ ಬರುವ ಗಟ್ಟಿ ಹಳದಿ ಹಾಲು ಒಂದು ಸಲಕ್ಕೆ ಕೆಲವೇ ಮಿಲಿಲೀಟರ್. ಕೂಸಿನ ಹೊಟ್ಟೆಗೆ ಅಷ್ಟು ಸಾಕು. ತಾಯಿಗೆ ಅದು ಕಾಣುವುದಿಲ್ಲ, ಅಳು ಮಾತ್ರ ಕೇಳುತ್ತದೆ. ಅತ್ತೆ ಬಾಟಲಿ ತರಿಸುತ್ತಾಳೆ. ಬಾಟಲಿಯಲ್ಲಿ ಹೊಟ್ಟೆ ತುಂಬಿದ ಮಗು ಎದೆ ಚೀಪುವುದು ಕಡಿಮೆಯಾಗುತ್ತದೆ. ಚೀಪದಿದ್ದರೆ, ಖಾಲಿಯಾಗದಿದ್ದರೆ ಎದೆಯಲ್ಲಿ ಹಾಲಿನ ಉತ್ಪತ್ತಿ ಇಳಿಯುತ್ತದೆ. ಸುಳ್ಳಾಗಿದ್ದ ಭಯ ವಾರದೊಳಗೆ ನಿಜವಾಗುತ್ತದೆ. ಈ ತಾಯಿಗೆ ಒಲವಿನ ಅಂಕ 80 ಬಂದರೂ ಉಪಯೋಗವಿಲ್ಲ.

ಅವಳಲ್ಲಿ ಅಳೆಯಬೇಕಾದದ್ದು ಧೈರ್ಯ. ಕೆನಡಾದ ಸಂಶೋಧಕಿ ಸಿಂಡಿ-ಲೀ ಡೆನ್ನಿಸ್, ‘ನನ್ನಿಂದ ಆಗುತ್ತದೆ’ ಎಂಬ ನಂಬಿಕೆಯ ಬಗ್ಗೆ ಮನಶ್ಶಾಸ್ತ್ರಜ್ಞ ಬಂಡೂರಾ ಮಂಡಿಸಿದ ಸಿದ್ಧಾಂತದ ನೆಲೆಯಲ್ಲಿ ಅಂಥದ್ದೊಂದು ಮಾಪಕ ಕಟ್ಟಿದರು. ಮೊದಲು 33 ಹೇಳಿಕೆಗಳಿದ್ದವು. 2003ರ ಕಿರುರೂಪದಲ್ಲಿ 14, ಅಂಕ 14ರಿಂದ 70. ಮಗುವಿಗೆ ಹಾಲು ಸಾಕಾಗಿದೆಯೆಂದು ನನಗೆ ತಿಳಿಯುತ್ತದೆಯೇ, ಅಳುತ್ತಿರುವಾಗಲೂ ಕುಡಿಸಬಲ್ಲೆನೇ ಎಂಬ ಬಗೆಯ ಮಾತುಗಳು. ಇದು ಅರಬ್ಬಿಗೂ ಬಂದಿದೆ. ಅಂಕ ಕಡಿಮೆ ಬಂದ ಕಡೆ ದಾದಿ ಹೋಗಿ ಕೂರಬಹುದು, ಮಗುವನ್ನು ಎದೆಗೆ ಹಿಡಿಸಿ ತೋರಿಸಬಹುದು. ಕೊಲ್ಲಿಯ ಆಸ್ಪತ್ರೆಗಳಲ್ಲಿ ದುಡಿಯುವ ನಮ್ಮ ಕರಾವಳಿಯ ದಾದಿಯರಿಗೆ ಬೇಕಾದ ಕಾಗದ ಇದು. ಒಲವಿನ ಮಾಪಕದಿಂದ ಪ್ರಬಂಧ ಹುಟ್ಟುತ್ತದೆ, ಧೈರ್ಯದ ಮಾಪಕದಿಂದ ಕೆಲಸ ಹುಟ್ಟುತ್ತದೆ ಎಂಬುದು ನನ್ನ ಅಭಿಪ್ರಾಯ. ಕಟುವಾಯಿತೆಂದು ಅನ್ನಿಸಿದವರು ಮನ್ನಿಸಬೇಕು.

ಒಲವು ಅಳೆದರೆ ಸಾಲದೆಂದು ನಮ್ಮ ದೇಶದ ಲೆಕ್ಕವೂ ಹೇಳುತ್ತದೆ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಶೇ. 88.6 ಹೆರಿಗೆಗಳು ಆಸ್ಪತ್ರೆಯಲ್ಲಿ ಆಗಿದ್ದವು. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕಂಡ ಮಕ್ಕಳು ಶೇ. 41.8. ಈ ಅಂತರಕ್ಕೆ ತಾಯಿಯ ಒಲವೊಂದೇ ಕಾರಣವಿರಲಾರದು; ಆ ಮೊದಲ ಗಂಟೆಯಲ್ಲಿ ತಾಯಿ ಮಗು ಇಬ್ಬರೂ ಇರುವುದು ಆಸ್ಪತ್ರೆಯವರ ಕೈಯಲ್ಲಿ. ಆದ್ದರಿಂದ ಇಲ್ಲಿರುವ ಸಂಶೋಧನಾ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ಸಲ ಪ್ರಶ್ನಾವಳಿ ಹಿಡಿದು ಬಾಣಂತಿಯ ಬಳಿ ಹೋಗುವಾಗ, ಅದೇ ವಾರ್ಡಿನ ವೈದ್ಯರಿಗೂ ದಾದಿಯರಿಗೂ ಕೇಳಲು ಒಂದು ಪ್ರಶ್ನಾವಳಿ ತಯಾರಿಸಿಕೊಂಡು ಹೋಗಿ.