ವರ್ತಕನಿಗೆ ಮಾತಿನ ಹದ



ವ್ಯಾಪಾರಕ್ಕೆ ಬಂಡವಾಳ ಬೇಕು, ತಕ್ಕಡಿ ನೆಟ್ಟಗಿರಬೇಕು ಎಂಬುದನ್ನು ಎಲ್ಲರೂ ಬಲ್ಲರು. ಯಜಮಾನನಾದವನಿಗೆ ಮಾತಿನ ಹದವೂ ಬೇಕೆಂಬುದನ್ನು ಬಲ್ಲವರು ವಿರಳ. ಹದವೆಂದರೆ ಬಣ್ಣ ಕಟ್ಟಿ ಆಡುವುದಲ್ಲ. ಯಾರಿಗೆ, ಯಾವಾಗ, ಎಷ್ಟು ಹೇಳಬೇಕೆಂಬ ವಿವೇಕ.

1982ರಲ್ಲಿ ಅಮೆರಿಕದ ಶಿಕಾಗೋ ಸುತ್ತಮುತ್ತ ಟೈಲೆನಾಲ್ ಎಂಬ ನೋವಿನ ಗುಳಿಗೆ ನುಂಗಿ 7 ಜನ ಅಸುನೀಗಿದರು. ಯಾರೋ ದುರುಳರು ಅದರಲ್ಲಿ ಸೈನೈಡ್ ವಿಷ ಬೆರೆಸಿದ್ದರು. ತಪ್ಪು ತಮ್ಮದಲ್ಲವೆಂದು ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯವರು ಸುಮ್ಮನಿರಬಹುದಿತ್ತು. ಅಧ್ಯಕ್ಷ ಜೇಮ್ಸ್ ಬರ್ಕ್ ಅವರು ಹಾಗೆ ಮಾಡಲಿಲ್ಲ. ಆ ಗುಳಿಗೆ ನುಂಗಬೇಡಿರೆಂದು ಕಂಪನಿಯೇ ದೇಶಕ್ಕೆಲ್ಲ ಸಾರಿತು. ಸುಮಾರು 3 ಕೋಟಿ 10 ಲಕ್ಷ ಸೀಸೆಗಳನ್ನು ಹಿಂದಕ್ಕೆ ತರಿಸಿತು. ನಷ್ಟ 10 ಕೋಟಿ ಡಾಲರಿಗೂ ಮಿಗಿಲು. ಅನಂತರ ಭದ್ರವಾದ ಮುದ್ರೆಯ ಹೊಸ ಸೀಸೆ ಬಂದಿತು. ಜನ ಮತ್ತೆ ನಂಬಿ ಕೊಂಡರು.

ಇದೇಕೆ? ಸರಕು ಹಿಂದಕ್ಕೆ ತರಿಸದೆ ಬರಿದೆ ನುಡಿದಿದ್ದರೆ ಅದು ಬೂಟಾಟಿಕೆಯಾಗುತ್ತಿತ್ತು. ತರಿಸಿ ಮೌನವಾಗಿದ್ದರೆ ಸಂಶಯ ಬೆಳೆಯುತ್ತಿತ್ತು. ನಡೆ ನುಡಿಗಳೆರಡೂ ಕೂಡಿದವು, ವಿಶ್ವಾಸ ಉಳಿಯಿತು.

ಅಂಗಡಿ ಇಟ್ಟ ಭಕ್ತರೇ, ನಿಮ್ಮ ಸರಕು ಕೆಟ್ಟಾಗ ಊರು ಆಡಿಕೊಳ್ಳುವ ಮುನ್ನ ನೀವೇ ಗಿರಾಕಿಗೆ ತಿಳಿಸಿರಿ. ಕಷ್ಟ ಬಂದ ದಿನ ಮಾತು ಕಲಿಯಲಾಗದು. ನಾಲಗೆಯನ್ನು ಇಂದೇ ಸತ್ಯಕ್ಕೆ ಪಳಗಿಸಿರಿ.