ನೆರೆಕರೆಯ ಋಣ

(ಡೊಂಬಿವಲಿಯಲ್ಲಿ ಕೂಡಿದ್ದ ಹೋಟೆಲು ಮತ್ತು ಗಿರಣಿ ಕಾರ್ಮಿಕರ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಹೆಚ್ಚು ಓದಿದವನಲ್ಲ. ಏಳನೆಯ ತರಗತಿಯವರೆಗೆ ಊರಿನ ಶಾಲೆಯಲ್ಲಿ ಕಲಿತೆ. ಆಮೇಲೆ ಕಲಿತದ್ದೆಲ್ಲ ಹೋಟೆಲಿನ ಮೋರಿಯ ಬಳಿ, ಕಪ್ಪುಬಸಿ ತೊಳೆಯುತ್ತ. ನಿಮ್ಮೂರಿನ ಸಮುದ್ರದ ಬಗ್ಗೆ ನಾಲ್ಕು ಮಾತಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ಸಮುದ್ರದ ವರ್ಣನೆಯನ್ನು ಕವಿಗಳಿಗೆ ಬಿಡೋಣ. ಅದರ ದಂಡೆಯ ಮೇಲೆ ಅಕ್ಕಪಕ್ಕದಲ್ಲಿ ಬದುಕುವ ಜನರ ಮಾತನ್ನು ನಾನು ಆಡುತ್ತೇನೆ. ನಮ್ಮ ಕಡೆ ಅದಕ್ಕೆ ನೆರೆಕರೆ ಎನ್ನುತ್ತಾರೆ. ಆ ನೆರೆಕರೆ ನಮ್ಮನ್ನು ಹೇಗೆ ಸಾಕಿತು, ಇಲ್ಲಿ ಅದಿಲ್ಲದೆ ನಮಗೆ ಏನಾಗುತ್ತಿದೆ, ಏನು ಮಾಡಬಹುದು—ಇಷ್ಟೇ ನನ್ನ ವಿಷಯ.

ನನ್ನೂರು ಗಂಗೊಳ್ಳಿ. ಕುಂದಾಪುರದ ಎದುರು ದಂಡೆ. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ಹೊಳೆಗಳು ಅಲ್ಲಿ ಕೂಡಿ, ಪಂಚಗಂಗಾವಳಿ ಎನ್ನಿಸಿಕೊಂಡು, ಅಳಿವೆಯಲ್ಲಿ ಕಡಲು ಸೇರುತ್ತವೆ. ದೋಣಿಯಲ್ಲಿ ದಾಟಿದರೆ ಕುಂದಾಪುರ ಬಲು ಹತ್ತಿರ. ಬಸ್ಸಿನಲ್ಲಾದರೆ ಮುಳ್ಳಿಕಟ್ಟೆ, ಹೆಮ್ಮಾಡಿ ಎಂದು ಸುತ್ತಬೇಕು. ಇತ್ತ ಹೊಳೆ, ಅತ್ತ ಕಡಲು, ನಡುವೆ ಒಂದು ಸಪೂರ ನೆಲ. ಖಾರ್ವಿಯವರು, ಮೊಗವೀರರು, ಮುಸಲ್ಮಾನರು, ಕ್ರೈಸ್ತರು, ಅಂಗಡಿಯ ಕೊಂಕಣಿಯವರು, ಎಲ್ಲರ ಮನೆಗಳೂ ಅಲ್ಲಿ ಒತ್ತೊತ್ತಾಗಿವೆ. ಬೆಳಗಿನ ಜಾವ ಮಸೀದಿಯ ಬಾಂಗು, ದೇವಸ್ಥಾನದ ಗಂಟೆ, ಇಗರ್ಜಿಯ ಗಂಟೆ ಒಂದರ ಹಿಂದೆ ಒಂದು ಕೇಳುತ್ತವೆ. ಅಷ್ಟರಲ್ಲಿ ದಕ್ಕೆಯಲ್ಲಿ ಮೀನಿನ ಹರಾಜಿನ ಗದ್ದಲ, ಬುಟ್ಟಿ ಹೊತ್ತ ಹೆಂಗಸರ ಓಡಾಟ.

ಆ ಕೇರಿಯಲ್ಲಿ ಬರೆದಿಟ್ಟ ಕಾನೂನು ಇರಲಿಲ್ಲ. ಆದರೆ ಕಟ್ಟಳೆ ಇತ್ತು. ಬೇಸಗೆ ಬಲಿತಾಗ ಕಡಲ ಬದಿಯ ಬಾವಿಗಳ ನೀರು ಉಪ್ಪಾಗುತ್ತದೆ. ಯಾರ ಬಾವಿ ಸಿಹಿಯಾಗಿ ಉಳಿದಿದೆಯೋ ಅವರು ನೆರೆಮನೆಯ ಕೊಡಕ್ಕೆ ಇಲ್ಲವೆನ್ನುವಂತಿಲ್ಲ. ಒಂದು ಕುಡ್ತೆ ಎಣ್ಣೆ ಕಡ ತಂದ ಮನೆಯವರು ಆ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸುವುದಿಲ್ಲ. ಎರಡು ಒಣಮೀನಾದರೂ ಹಾಕಿ ಕೊಡುತ್ತಾರೆ. ಗಂಡಸು ಕಡಲಿಗೆ ಹೋದ ಮನೆಯ ಬಾಗಿಲು ಹೊತ್ತು ಏರಿದರೂ ತೆರೆಯದಿದ್ದರೆ, ಆಚೆಮನೆಯ ಅಜ್ಜಿ ಹೋಗಿ ತಟ್ಟುತ್ತಾಳೆ. ಶಾಲೆಯಿಂದ ಬರುವ ಹುಡುಗನನ್ನು ದಾರಿಯಲ್ಲಿ ಯಾರಾದರೊಬ್ಬರು ನಿಲ್ಲಿಸಿ "ಉಂಡ್ಯಾ ಮಗಾ?" ಎಂದು ಕೇಳುತ್ತಾರೆ. ಆ ಒಂದು ಪ್ರಶ್ನೆ ನಮ್ಮ ಕೇರಿಯ ಹಾಜರಿ ಪುಸ್ತಕವಾಗಿತ್ತು. ಯಾರ ಮನೆಯಲ್ಲಿ ಒಲೆ ಉರಿದಿಲ್ಲ, ಯಾರಿಗೆ ಜ್ವರ, ಎಲ್ಲವೂ ಅದರಿಂದ ಸಂಜೆಯೊಳಗೆ ತಿಳಿಯುತ್ತಿತ್ತು.

ನಮ್ಮ ಹಿರಿಯರ ಕಾಲದ ರಂಪಣಿ ಬಲೆಯನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ಅಷ್ಟುದ್ದದ ಬಲೆಯನ್ನು ದೋಣಿಯಲ್ಲಿ ಒಯ್ದು, ಅರ್ಧಚಂದ್ರದಂತೆ ಕಡಲಿಗೆ ಬಿಟ್ಟು, ಎರಡು ತುದಿಗಳನ್ನು ದಂಡೆಯಿಂದ ಎಳೆಯಬೇಕು. ಒಬ್ಬ ಶ್ರೀಮಂತನಿಂದ ಆಗದು, ಒಬ್ಬ ಬಲಶಾಲಿಯಿಂದಲೂ ಆಗದು. ಕೇರಿಗೆ ಕೇರಿಯೇ ಹಗ್ಗಕ್ಕೆ ಕೈ ಹಾಕಬೇಕು. ಬಂದ ಮೀನಿನಲ್ಲಿ ಎಳೆದವರಿಗೆಲ್ಲ ಪಾಲು. 1970ರ ದಶಕದಲ್ಲಿ ಪರ್ಸಿನ್ ಬಲೆಯ ಯಂತ್ರದೋಣಿಗಳು ಬಂದವು. ರಂಪಣಿ ಮೂಲೆ ಸೇರಿತು. ಮೀನು ಹಿಡಿಯುವ ಬಗೆ ಬದಲಾಯಿತು. ಆದರೂ ಒಟ್ಟಾಗಿ ಎಳೆಯುವ ಅಭ್ಯಾಸ ಪೂರ್ತಿ ಹೋಗಲಿಲ್ಲ.

ಈಗ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿಮಾಡುವ ಕಾಲವೆಂದು ಸರಕಾರದ ನಿಷೇಧ. ಆ ಎರಡು ತಿಂಗಳು ಕೂಲಿಯ ಮನೆ ನಡೆಯುವುದು ಅಂಗಡಿಯ ಸಾಲದ ಪುಸ್ತಕದಿಂದ ಮತ್ತು ನೆರೆಮನೆಯ ಕೈಗಡದಿಂದ. ಉಳಿತಾಯದ ಅಭ್ಯಾಸವೂ ನಮ್ಮ ಜಿಲ್ಲೆಗೆ ಹೊಸತಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಎಂಬುದನ್ನು ಆರಂಭಿಸಿತು. ಏಜೆಂಟನು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆ ಪಡೆದು ಬರೆದುಕೊಂಡು ಹೋಗುತ್ತಿದ್ದನು. 2020ರ ಏಪ್ರಿಲ್ 1ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಆದರೆ ಎರಡಾಣೆಯವನನ್ನೂ ಲೆಕ್ಕಕ್ಕೆ ಹಿಡಿಯಬೇಕೆಂಬ ಆ ಪಾಠ ನಮ್ಮಂಥವರಿಗೆ ಇಂದಿಗೂ ಬೇಕು.

ಕಷ್ಟ ಬಂದಾಗ ನೆರೆಕರೆ ಏನಾಗಬಲ್ಲದೆಂಬುದಕ್ಕೆ ಒಂದು ಸಂಗತಿ ಹೇಳುತ್ತೇನೆ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಏಳು ಜನರೊಡನೆ ಹೊರಟ 'ಸುವರ್ಣ ತ್ರಿಭುಜ' ದೋಣಿ ಕಾಣೆಯಾಯಿತು. ಏಳು ಮನೆಗಳ ದುಃಖವೆಂದು ಉಳಿದವರು ತಮ್ಮ ದೋಣಿ ಹತ್ತಲಿಲ್ಲ. 2019ರ ಜನವರಿ 6ರಂದು ಸಾವಿರಾರು ಮೀನುಗಾರರು, ಹೆಂಗಸರು ಸಹ, ಕೆಲಸ ನಿಲ್ಲಿಸಿ ಉಡುಪಿಯಲ್ಲಿ ಹೆದ್ದಾರಿಗೆ ಬಂದು ಕುಳಿತರು. ನಮ್ಮವರನ್ನು ಹುಡುಕಿ ಎಂದರು. ಆ ವರ್ಷದ ಮೇ ತಿಂಗಳಲ್ಲಿ ಇದೇ ಮಹಾರಾಷ್ಟ್ರದ ಮಾಲವಣದ ಆಚೆ ಕಡಲ ತಳದಲ್ಲಿ ದೋಣಿಯ ಅವಶೇಷ ಸಿಕ್ಕಿತು. ಏಳು ಜನ ಹಿಂದಿರುಗಲಿಲ್ಲ. ಆದರೆ ಅವರ ಹೆಸರು, ಊರು, ಮನೆ ಎಲ್ಲರಿಗೂ ಗೊತ್ತಿತ್ತು. ಅವರಿಗಾಗಿ ಕೇಳುವವರು ಇದ್ದರು.

ಬಂಧುಗಳೇ, ಊರಿನ ಕೇರಿಯೆಲ್ಲ ಸ್ವರ್ಗವೆಂದು ನಾನು ಹೇಳಲಾರೆ. ಕೆಲವರ ಕೊಡ ಕೆಲವು ಬಾವಿಗಳ ಹತ್ತಿರ ಸುಳಿಯಕೂಡದೆಂಬ ಕಾಲವೊಂದು ನಮ್ಮ ಜಿಲ್ಲೆಯಲ್ಲೂ ಇತ್ತು. ಬಾವಿಕಟ್ಟೆಯಲ್ಲಿ ಒಬ್ಬ ಹೆಣ್ಣುಮಗಳ ಹೆಸರು ಕೆಡಿಸಲು ಅರ್ಧ ಗಳಿಗೆ ಸಾಕಾಗುತ್ತಿತ್ತು. ನೆರೆಕರೆಯ ಕೆಲಸದ ಭಾರವೆಲ್ಲ ಹೆಂಗಸರ ತಲೆಯ ಮೇಲೆ. ಪಂಚಾಯಿತಿಯ ಮಾತು ಗಂಡಸರದು. ಇವನ್ನು ಊರಿನಲ್ಲೇ ಬಿಟ್ಟು ಬರೋಣ. ಉಂಡೆಯಾ ಎಂದು ಕೇಳುವ ಆ ಗುಣವೊಂದನ್ನು ಮಾತ್ರ ತರೋಣ.

ನಾವು ಇಲ್ಲಿಗೆ ಬಂದದ್ದಾದರೂ ಹೇಗೆ? ಹದಿನೈದನೆಯ ವಯಸ್ಸಿನಲ್ಲಿ, 2004ರಲ್ಲಿ, ನೆರೆಮನೆಯ ಒಬ್ಬ ಅಣ್ಣನ ಹಿಂದೆ ನಾನು ರೈಲು ಹತ್ತಿದೆ. ಕೊಂಕಣ ರೈಲ್ವೆ 1998ರಲ್ಲಿ ಪೂರ್ತಿಯಾದ ಮೇಲೆ ಕುಂದಾಪುರದಲ್ಲಿ ಹತ್ತಿದವನು ಮರುದಿನ ಬೆಳಗ್ಗೆ ಠಾಣೆಯಲ್ಲಿ ಇಳಿಯಬಹುದಾಗಿದೆ. ಅದಕ್ಕೂ ಮೊದಲು ಬಂದ ಹಿರಿಯರ ಕಷ್ಟ ಬೇರೆ. ಆದರೆ ಅಂದೂ ಇಂದೂ ಒಂದೇ ರೀತಿ: ಮೊದಲ ಟಿಕೆಟಿನ ಹಣ, ಮೊದಲ ಕೆಲಸ, ಮಲಗಲು ಮೊದಲ ಚಾಪೆ, ಎಲ್ಲವನ್ನೂ ಕೊಟ್ಟದ್ದು ನೆರೆಕರೆ.

ಬಂದ ಮೇಲೆ ಅದು ಎಲ್ಲಿ ಹೋಯಿತು? ನಮ್ಮಲ್ಲಿ ಬಹಳ ಜನರಿಗೆ ಮನೆಯೆಂದರೆ ಹೋಟೆಲಿನ ಅಟ್ಟ. ನಸುಕಿನಲ್ಲಿ ಭಟ್ಟಿ ಹೊತ್ತಿಸಬೇಕು, ನಡುರಾತ್ರಿ ನೆಲ ತೊಳೆಯಬೇಕು. ಒಂದು ಕಡೆ ಜಗಳವಾದರೆ ಪೆಟ್ಟಿಗೆ ಎತ್ತಿಕೊಂಡು ಇನ್ನೊಂದು ಕಡೆ. 1982ರ ಜನವರಿ 18ರಂದು ಆರಂಭವಾದ ಗಿರಣಿ ಮುಷ್ಕರದ ಬಳಿಕ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಚಾಳಿನ ಖೋಲಿ ಬಿಟ್ಟ ಗಿರಣಿ ಬಂಧುಗಳು ಅನೇಕರು ಡೊಂಬಿವಲಿ, ಕಲ್ಯಾಣದ ಕಡೆ ಬಂದರು. ಚಾಳಿನ ಉದ್ದನೆಯ ಪಡಸಾಲೆಯಲ್ಲಿ ಒಬ್ಬರ ಕೆಮ್ಮು ಇನ್ನೊಬ್ಬರಿಗೆ ಕೇಳುತ್ತಿತ್ತು. ಈಗ ಕಟ್ಟಡದ ಬಾಗಿಲು ಮುಚ್ಚಿದರೆ ಆಚೆಯವರು ಯಾರೋ, ಈಚೆಯವರು ಯಾರೋ.

ಇದರ ಫಲವೇನೆಂದು ನಾನು ಕಣ್ಣಾರೆ ಕಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ಹೋಟೆಲಿನಲ್ಲಿ ದೋಸೆ ಹುಯ್ಯುವವನೊಬ್ಬನು ಕಲ್ಲಿನ ಮುಂದೆಯೇ ಕುಸಿದು ಬಿದ್ದನು. ಸುದ್ದಿ ಬಂದು ನಾನು ಆಸ್ಪತ್ರೆಗೆ ಹೋದೆ. ಪೂರ್ಣ ಹೆಸರೇನು, ಊರು ಯಾವುದು, ತಂದೆಯ ಹೆಸರೇನು ಎಂದು ಗುಮಾಸ್ತರು ಕೇಳಿದರು. ನಾಲ್ಕು ವರ್ಷ ಅವನ ಪಕ್ಕದಲ್ಲಿ ಮಲಗಿದವರು ಅಲ್ಲಿದ್ದರು. ಅವರಿಗೆ ಗೊತ್ತಿದ್ದುದು 'ದೋಸೆಯಣ್ಣ' ಎಂದಷ್ಟೆ. ಅವನ ಫೋನಿಗೆ ಬೀಗ. ಕೊನೆಗೆ ಪೆಟ್ಟಿಗೆಯಲ್ಲಿ ದೇವಸ್ಥಾನದ ಒಂದು ಪ್ರಸಾದದ ಪೊಟ್ಟಣ ಸಿಕ್ಕಿತು. ಅದರ ಮೇಲಿದ್ದ ಊರಿನ ಹೆಸರನ್ನು ಹಿಡಿದು ಅವರಿವರಿಗೆ ಫೋನು ಮಾಡುತ್ತ ಮನೆ ಪತ್ತೆ ಹಚ್ಚುವಾಗ ಎರಡು ದಿನ ಕಳೆಯಿತು. ಮೂರನೆಯ ದಿನ ಅವನ ತಮ್ಮ ಬಂದು ಇಳಿದಾಗ, ಶವ ಪಡೆಯುವ ಕಾಗದಕ್ಕೆ ಸಹಿ ಹಾಕುವುದೊಂದೇ ಬಾಕಿ ಉಳಿದಿತ್ತು.

ಆಮೇಲೆ 2020 ಬಂತು. ಮಾರ್ಚ್ ತಿಂಗಳಲ್ಲಿ ಕೊರೋನಾದಿಂದ ಹೋಟೆಲುಗಳು ಮುಚ್ಚಿದವು. ಕೆಲಸದ ಜಾಗವೇ ಮನೆಯಾಗಿದ್ದವನಿಗೆ ಕೆಲಸದೊಡನೆ ಮನೆಯೂ ಹೋಯಿತು. ಮೇ 18ರಂದು ಕರ್ನಾಟಕ ಸರಕಾರವು ಮಹಾರಾಷ್ಟ್ರದಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲವೆಂದು ಸಾರಿತು. ಅಷ್ಟರೊಳಗೆ ಊರು ಮುಟ್ಟಿದವರನ್ನು ಶಾಲೆಗಳಲ್ಲಿ, ಹಾಸ್ಟೆಲುಗಳಲ್ಲಿ ಇರಿಸಿದರು. "ಬೊಂಬಾಯಿಯವರು ಬಂದರು" ಎಂದು ನಮ್ಮದೇ ಕೇರಿಯವರು ಕಿಟಕಿ ಮುಚ್ಚಿಕೊಂಡದ್ದೂ ಉಂಟು. ಅದೇ ಕೇರಿಯ ಹೆಂಗಸರು ಶಾಲೆಯ ಗೇಟಿನ ಹೊರಗೆ ಗಂಜಿಯ ಪಾತ್ರೆ ಇಟ್ಟು ದೂರ ನಿಂತದ್ದೂ ಉಂಟು. ಎರಡನ್ನೂ ನಾನು ನೆನಪಿಟ್ಟಿದ್ದೇನೆ. ಇಷ್ಟು ವರ್ಷ ದೂರವಿದ್ದ ಮೇಲೂ ಊರಿನ ನೆರೆಕರೆ ನಮಗಾಗಿ ಬೆಚ್ಚಗೆ ಕಾದಿರುತ್ತದೆಂದು ನಂಬಿ ಕೂರಲಾಗದು. ನಾವು ಇರುವಲ್ಲಿಯೇ ಅದನ್ನು ಕಟ್ಟಬೇಕು.

ಇಲ್ಲಿ ಕಟ್ಟಲಾಗದೆಂದು ಯಾರೂ ಹೇಳಬೇಡಿ. ಈ ನೆಲವೂ ಕಡಲಂಚಿನದೇ. ಕಲ್ಯಾಣ ಹಳೆಯ ಬಂದರು. ಶಿವಾಜಿ ಮಹಾರಾಜರು ನೌಕೆಗಳನ್ನು ಕಟ್ಟಿಸಿದ್ದು ಈ ಖಾರಿಯ ಬದಿಯಲ್ಲಿ. 1665ರಲ್ಲಿ ಅವರ ನೌಕಾಪಡೆ ದಂಡೆತ್ತಿ ಹೋದ ಬಸರೂರು ನಮ್ಮ ಕುಂದಾಪುರದ ಪಕ್ಕದಲ್ಲೇ ಇದೆ. ಠಾಣೆಯ ಸ್ಟೇಷನ್ನಿನ ಬಳಿಯ ಚೆಂದಣಿ ಕೋಲಿವಾಡೆಗೆ ಶ್ರಾವಣದ ಹುಣ್ಣಿಮೆಯಂದು ಹೋಗಿ ನೋಡಿ. ಅಂದು ನಮ್ಮೂರಿನಲ್ಲಿ ಕಡಲಿಗೆ ತೆಂಗಿನಕಾಯಿ ಅರ್ಪಿಸುವಂತೆ ಕೋಳಿ ಬಂಧುಗಳು ಖಾರಿಗೆ ಅರ್ಪಿಸುತ್ತಾರೆ. ನವಿಮುಂಬಯಿಯ ಕಥೆ ನೋಡಿ. 1970ರಲ್ಲಿ ಸಿಡ್ಕೋ ಸ್ಥಾಪನೆಯಾಗಿ 95 ಹಳ್ಳಿಗಳ ನೆಲ ನಗರಕ್ಕೆ ಹೋಯಿತು. ಆಗ್ರಿ, ಕೋಳಿ ರೈತರು ದಿ. ಬಾ. ಪಾಟೀಲರ ಮುಂದಾಳ್ತನದಲ್ಲಿ ಎದ್ದು ನಿಂತರು. 1984ರ ಜನವರಿ 16, 17ರಂದು ಗೋಲಿಬಾರಿನಲ್ಲಿ ಐವರು ಪ್ರಾಣ ತೆತ್ತರು. ಅದರ ಫಲವಾಗಿ, ಕೊಟ್ಟ ಭೂಮಿಯಲ್ಲಿ ನೂರಕ್ಕೆ ಹನ್ನೆರಡೂವರೆ ಪಾಲು ಬೆಳೆಸಿದ ನಿವೇಶನವಾಗಿ ರೈತನಿಗೆ ಮರಳಬೇಕೆಂಬ ನಿಯಮ ಬಂತು. ಹಳ್ಳಿ ಹಳ್ಳಿಯಾಗಿ ನಿಂತದ್ದರಿಂದ ಅದು ಸಾಧ್ಯವಾಯಿತು.

ನಮ್ಮವರೂ ಮಾಡಿ ತೋರಿಸಿದ್ದಾರೆ. ಮುಂಬಯಿಗೆ ಬಂದ ಮೊಗವೀರ ಬಂಧುಗಳು 1902ರಲ್ಲಿಯೇ ವ್ಯವಸ್ಥಾಪಕ ಮಂಡಳಿ ಕಟ್ಟಿದರು; 1946ರಲ್ಲಿ ಸಹಕಾರಿ ಬ್ಯಾಂಕನ್ನೂ ಮಾಡಿದರು. ಹಗಲು ಲೋಟ ತೊಳೆದ ಹುಡುಗರು ರಾತ್ರಿ ಕನ್ನಡ ಶಾಲೆಗಳಲ್ಲಿ ಕುಳಿತು ಪರೀಕ್ಷೆ ಪಾಸು ಮಾಡಿದ ನಗರವಿದು. ಈ ಡೊಂಬಿವಲಿಯಲ್ಲಿಯೂ ಕರ್ನಾಟಕ ಸಂಘದವರು ಶಾಲೆ ನಡೆಸಿ ತೋರಿಸಿದ್ದಾರೆ. ದೊಡ್ಡ ಕಟ್ಟಡ ಕಟ್ಟುವ ಶಕ್ತಿ ನಮಗಿಲ್ಲದಿರಬಹುದು. ಒಂದು ವಹಿ ಬರೆಯುವ ಶಕ್ತಿ ಇದೆ.

ಆದ್ದರಿಂದ ನನ್ನ ಸೂಚನೆಗಳು ನಾಲ್ಕು. ಮೊದಲನೆಯದು, ಪ್ರತಿ ಹೋಟೆಲು, ಪ್ರತಿ ಗಲ್ಲಿಗೆ ಒಂದು ವಹಿ: ಪೂರ್ಣ ಹೆಸರು, ಊರು, ಮನೆಯವರ ಫೋನು ನಂಬರು, ರಕ್ತದ ಗುಂಪು, ಕಾಯಿಲೆಯಿದ್ದರೆ ತೆಗೆದುಕೊಳ್ಳುವ ಔಷಧ. ಎರಡನೆಯದು, ಯಾರಾದರೂ ಆಸ್ಪತ್ರೆಗೆ ಸೇರಿದರೆ ರಾತ್ರಿ ಕೂರುವ ಸರದಿ. ಇಂದು ನಾನು, ನಾಳೆ ನೀವು. ಮೂರನೆಯದು, ಪಿಗ್ಮಿಯ ಹಾಗೆ ವಾರಕ್ಕೆ ಹತ್ತು ರೂಪಾಯಿ. ಲೆಕ್ಕವನ್ನು ತಿಂಗಳಿಗೊಮ್ಮೆ ಎಲ್ಲರ ಮುಂದೆ ಓದಬೇಕು. ನಾಲ್ಕನೆಯದು, ಸರಕಾರದಿಂದ ಸಿಗಬೇಕಾದುದನ್ನು ಬಿಡದಿರುವುದು. 2021ರ ಆಗಸ್ಟಿನಲ್ಲಿ ಆರಂಭವಾದ ಇ-ಶ್ರಮ್ ನೋಂದಣಿಗೆ ಅಸಂಘಟಿತ ಕೆಲಸಗಾರರು 16ರಿಂದ 59 ವಯಸ್ಸಿನವರೆಗೆ ಸೇರಬಹುದು, ಪಿ.ಎಫ್., ಇ.ಎಸ್.ಐ. ಇರುವವರಿಗೆ ಅದು ಅಲ್ಲ. ಅಕ್ಕಿ ಪಡೆಯುವ ಊರಿನ ರೇಷನ್ ಕಾರ್ಡಿದ್ದರೆ ನಿಮ್ಮ ಪಾಲಿನ ಧಾನ್ಯವನ್ನು ಇಲ್ಲಿನ ಅಂಗಡಿಯಲ್ಲೂ ಕೇಳಬಹುದು. ಅರ್ಜಿ ಬರೆಯಲು ಬಾರದವರಿಗೆ ರವಿವಾರ ನಾವು ಬರೆದುಕೊಡುತ್ತೇವೆ. ಜಾತಿ, ಊರು, ಭಾಷೆ ಎಂದು ಈ ವಹಿಯಲ್ಲಿ ಬೇರೆ ಬೇರೆ ಪುಟ ಬೇಡ. ನಮ್ಮ ಪಕ್ಕದಲ್ಲಿ ಮಲಗುವ ನೇಪಾಳದ ಹುಡುಗ, ಬಿಹಾರದ ಹುಡುಗ ಕೂಡ ನಮ್ಮ ನೆರೆಕರೆಯೇ.

ಮೇಜಿನ ಮೇಲೆ ಮೊದಲ ವಹಿ ಇಟ್ಟಿದ್ದೇವೆ, ಪೆನ್ನೂ ಇದೆ. ಚಹಾ ಕುಡಿಯುವ ಮೊದಲು ಪ್ರತಿಯೊಬ್ಬರೂ ತಮ್ಮ ಹೆಸರಿನ ಜೊತೆಗೆ, ಇಂದು ಸಭೆಗೆ ಬರಲಾಗದೆ ಭಟ್ಟಿಯ ಮುಂದೆ ನಿಂತಿರುವ ಒಬ್ಬ ಸಂಗಡಿಗನ ಹೆಸರನ್ನೂ ಬರೆಸಬೇಕು. ಅವನ ಊರು ಗೊತ್ತಿಲ್ಲವಾದರೆ ಇಂದು ರಾತ್ರಿಯೇ ಕೇಳಿ ತಿಳಿದು, ಮುಂದಿನ ರವಿವಾರ ಬಂದು ಹೇಳಬೇಕು.